ಬಸ್‌ಸ್ಟ್ಯಾಂಡ್ ಹಿಂದಿನ 200 ಮೀಟರ್: ಪೇಟೆಯ ಸುರಕ್ಷತೆ ಯಾರ ಕೆಲಸ?

ನಮ್ಮೂರಿಂದ ತಾಲೂಕು ಕೇಂದ್ರಕ್ಕೆ 22 ಕಿಲೋಮೀಟರ್. ಬಿ.ಎ. ಓದುವಾಗ ಮೂರು ವರ್ಷ ನಾನು ಅಲ್ಲೇ ಇದ್ದೆ. ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನಾಲ್ಕು ಜನ ಹುಡುಗಿಯರು ಸೇರಿ ಒಂದು ಬಾಡಿಗೆ ರೂಮು ಮಾಡಿಕೊಂಡಿದ್ದೆವು. ಬಸ್‌ಸ್ಟ್ಯಾಂಡಿನ ಹಿಂದಿನ ಗೇಟಿನಿಂದ ರೂಮಿಗೆ 200 ಮೀಟರ್ ಇರಬಹುದು. ಹಗಲಿನಲ್ಲಿ ಅದು ಎರಡು ನಿಮಿಷದ ದಾರಿ. ಸಂಜೆ ಏಳರ ಮೇಲೆ ಅದೇ ದಾರಿ ಎಷ್ಟು ನಡೆದರೂ ಮುಗಿಯುತ್ತಿರಲಿಲ್ಲ.

ಒಂದು ಕಡೆ ಬಸ್‌ಸ್ಟ್ಯಾಂಡಿನ ಕಾಂಪೌಂಡ್ ಗೋಡೆ. ಇನ್ನೊಂದು ಕಡೆ ಯಾರದೋ ಖಾಲಿ ಸೈಟು. ಅದರ ತುಂಬ ಪಾರ್ಥೇನಿಯಂ, ಹೋಟೆಲಿನ ಎಂಜಲೆಲೆ, ಒಡೆದ ಬಾಟಲಿ. ಎರಡು ಲೈಟ್ ಕಂಬ ಇದ್ದವು, ಎರಡರಲ್ಲೂ ಬಲ್ಬ್ ಉರಿಯುತ್ತಿರಲಿಲ್ಲ. ಗೋಡೆಗೆ ಒರಗಿ ಕುಡಿಯುವವರು ನಾಲ್ಕೈದು ಜನ ಇದ್ದೇ ಇರುತ್ತಿದ್ದರು. ನಾವು ಫೋನನ್ನು ಕಿವಿಗಿಟ್ಟುಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ ‘ಹ್ಞೂಂ ಅಪ್ಪಾ, ಬಂದೆ, ಇಲ್ಲೇ ಇದ್ದೀನಿ’ ಎಂದು ಜೋರಾಗಿ ಮಾತಾಡುತ್ತ ದಾಟುತ್ತಿದ್ದೆವು. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ಈ ನಾಟಕ ಗೊತ್ತಿರುತ್ತದೆ.

ಎರಡನೇ ವರ್ಷದಲ್ಲಿ ಒಂದು ರಾತ್ರಿ ನಮ್ಮ ರೂಮಿನವಳೊಬ್ಬಳ ವೇಲ್ ಹಿಡಿದು ಯಾರೋ ಎಳೆದರು. ಅವಳು ಕೂಗಿಕೊಂಡು ಓಡಿ ಬಂದಳು. ಭಾನುವಾರ ಊರಿಗೆ ಹೋದಾಗ ಅಮ್ಮನ ಹತ್ತಿರ ಹೇಳಿದಳು. ಸೋಮವಾರ ಅವಳ ಅಪ್ಪ ಬಂದು ಹಾಸಿಗೆ, ಟ್ರಂಕು, ಪುಸ್ತಕ ಎಲ್ಲವನ್ನೂ ಕಟ್ಟಿಸಿಕೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಬೇರೆ ದಾರಿ ಕಾಣಲಿಲ್ಲ. ಪೊಲೀಸ್ ದೂರು ಇಲ್ಲ, ಪೇಪರಿನಲ್ಲಿ ಸುದ್ದಿ ಇಲ್ಲ. ಕಾಲೇಜಿನ ಲೆಕ್ಕದಲ್ಲಿ ಅವಳು ‘ಓದು ಬಿಟ್ಟವಳು’. ಅವಳು ಓದು ಬಿಡಲಿಲ್ಲ. 200 ಮೀಟರ್ ಕತ್ತಲು ಅವಳ ಓದನ್ನು ಬಿಡಿಸಿತು.

ಪೇಟೆಯ ಸುರಕ್ಷತೆ ಎಂದರೆ ಅದು ಪೇಟೆಯವರ ಸಮಸ್ಯೆ, ನಮಗೇನು ಎಂದು ಹಳ್ಳಿಯಲ್ಲಿ ಕೂತು ಅಂದುಕೊಳ್ಳುವವರಿಗೆ ಇದನ್ನು ಹೇಳುತ್ತಿದ್ದೇನೆ. ಪಿಯುಸಿ, ಐಟಿಐ, ಡಿಗ್ರಿ ಓದಲು, ಆಸ್ಪತ್ರೆಗೆ, ಬ್ಯಾಂಕಿಗೆ, ಸಂತೆಗೆ, ಗಾರ್ಮೆಂಟ್ಸ್ ಕೆಲಸಕ್ಕೆ ನಮ್ಮ ಮನೆಯವರು ದಿನಾ ಹೋಗುವುದು ಆ ಪೇಟೆಗೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲಂತೂ ನಮ್ಮ ಅಕ್ಕತಂಗಿಯರು ಹಿಂದೆಂದಿಗಿಂತ ಹೆಚ್ಚಾಗಿ ಬಸ್ ಹತ್ತುತ್ತಿದ್ದಾರೆ. ಬಸ್ ಪುಕ್ಕಟೆ ಆಯಿತು. ಬಸ್ ಇಳಿದ ಮೇಲಿನ ದಾರಿಯ ಗತಿ ಏನು?

ಇಂಥ ಘಟನೆ ನಡೆದಾಗಲೆಲ್ಲ ಕೇಳಿಬರುವ ಮಾತು ಮೂರು. ಸಿಸಿ ಕ್ಯಾಮೆರಾ ಹಾಕಿ. ಪೊಲೀಸರನ್ನು ಹೆಚ್ಚಿಸಿ. ಹೊರಗಿನವರನ್ನು ಓಡಿಸಿ. ಮೊದಲ ಎರಡು ಬೇಡ ಎನ್ನುವುದಿಲ್ಲ. ಆದರೆ ಕ್ಯಾಮೆರಾ ನಡೆದದ್ದನ್ನು ತೋರಿಸುತ್ತದೆ, ನಡೆಯುವಾಗ ಕೈ ಹಿಡಿದು ತಡೆಯುವುದಿಲ್ಲ. ಪೊಲೀಸರು ಎಷ್ಟು ಜನ ಇದ್ದರೂ ಪ್ರತಿ ಓಣಿಯಲ್ಲಿ ರಾತ್ರಿಯಿಡೀ ನಿಲ್ಲಲಾರರು. ಮೂರನೆಯದು ಅಪಾಯದ ಮಾತು, ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ಅಭಿಪ್ರಾಯ ಇಷ್ಟು: ಒಂದು ಜಾಗ ಸುರಕ್ಷಿತ ಆಗುವುದು ಅಲ್ಲಿ ವಾಸಿಸುವವರು ಸೇರಿ ಆ ಜಾಗವನ್ನೇ ಸರಿಮಾಡಿದಾಗ. ಕಸ ಎತ್ತಿ, ದೀಪ ಹಚ್ಚಿ, ಜನ ನಿಲ್ಲುವಂತೆ ಮಾಡಿದಾಗ. ಮನುಷ್ಯರನ್ನು ಕಾಯುವುದಕ್ಕಿಂತ ಮೊದಲು ಜಾಗವನ್ನು ಕಾಯಬೇಕು.

ಇದು ನನ್ನ ತಲೆಗೆ ಹತ್ತಿದ್ದು ಪತ್ರಿಕೋದ್ಯಮ ಎಂ.ಎ. ಮಾಡುವಾಗ. ತರಗತಿಯಲ್ಲಿ ಮೇಡಂ ಒಂದು ಸಾಕ್ಷ್ಯಚಿತ್ರ ಹಾಕಿದ್ದರು. ‘ಹೋಲ್ಡಿಂಗ್ ಗ್ರೌಂಡ್’ ಅಂತ ಅದರ ಹೆಸರು, 1996ರದ್ದು. ಅಮೆರಿಕದ ಬಾಸ್ಟನ್ ನಗರದ ಡಡ್ಲಿ ಸ್ಟ್ರೀಟ್ ಎಂಬ ಬಡಾವಣೆಯ ಕಥೆ. ಅಮೆರಿಕದ ಊರು ತೋರಿಸುತ್ತಾರೆ, ನಮಗೇನು ಬಂತು ಎಂದು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪರದೆಯ ಮೇಲೆ ಮೊದಲು ಬಂದದ್ದು ಖಾಲಿ ಸೈಟು, ಅದರ ತುಂಬ ಕಸ. ನಮ್ಮ ಓಣಿಯೇ ಕಂಡ ಹಾಗಾಯಿತು.

ಡಡ್ಲಿ ಸ್ಟ್ರೀಟ್ ಎಂದರೆ ಏನು?

ಬಾಸ್ಟನ್ನಿನ ನಡುಪೇಟೆಯಿಂದ ಡಡ್ಲಿ ಸುಮಾರು 3 ಕಿಲೋಮೀಟರ್ ದೂರ. ಕಪ್ಪುಜನ, ಆಫ್ರಿಕಾದ ಕೇಪ್‌ವರ್ಡ್ ದ್ವೀಪದಿಂದ ಬಂದವರು, ಸ್ಪ್ಯಾನಿಷ್ ಮಾತಾಡುವವರು, ಒಂದಷ್ಟು ಬಡ ಬಿಳಿಯರು ಅಲ್ಲಿ ಇದ್ದರು. ಬ್ಯಾಂಕುಗಳು ಅಂಥ ಬಡಾವಣೆಯವರಿಗೆ ಸಾಲ ಕೊಡುತ್ತಿರಲಿಲ್ಲ. ಅನುಕೂಲ ಇದ್ದವರು ಊರು ಬಿಟ್ಟರು. ಮನೆ ಮಾರಲು ಆಗದ ಕೆಲವು ಮಾಲೀಕರು ವಿಮೆ ಹಣಕ್ಕಾಗಿ ತಮ್ಮ ಕಟ್ಟಡಕ್ಕೆ ತಾವೇ ಬೆಂಕಿ ಹಚ್ಚಿಸಿದರು. 1980ರ ದಶಕ ಶುರುವಾಗುವ ಹೊತ್ತಿಗೆ ಆ ಬಡಾವಣೆಯಲ್ಲಿ ಸುಮಾರು 1,300 ಸೈಟುಗಳು ಖಾಲಿ ಬಿದ್ದಿದ್ದವು. ಖಾಲಿ ಸೈಟು ಕಂಡರೆ ಎಲ್ಲ ಕಡೆ ಆಗುವುದೇ ಅಲ್ಲೂ ಆಯಿತು. ಊರ ಕಸವೆಲ್ಲ ಅಲ್ಲಿಗೆ ಬಂತು. ಕೆಟ್ಟ ಮಾಂಸ, ಕಟ್ಟಡದ ಅವಶೇಷ, ಹಳೆಯ ಕಾರುಗಳನ್ನು ರಾತ್ರೋರಾತ್ರಿ ತಂದು ಸುರಿದರು. ಮಕ್ಕಳು ಆಡುವ ಜಾಗವೂ ಅದೇ, ಇಲಿ ಹೆಗ್ಗಣದ ಜಾಗವೂ ಅದೇ. ಕಾನೂನು ಮೀರುವವರಿಗೂ ಅದೇ ಅನುಕೂಲ, ಯಾಕೆಂದರೆ ಅದು ಯಾರದೂ ಅಲ್ಲದ ಜಾಗ.

1984ರಲ್ಲಿ ಅಲ್ಲಿ ‘ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಶಿಯೇಟಿವ್’ ಎಂಬ ಸಂಘ ಹುಟ್ಟಿತು. ಅದು ಹುಟ್ಟಿದ ರೀತಿ ನಾವು ಕಲಿಯುವಂಥದ್ದು. ಮೊದಲು ಒಂದು ದತ್ತಿ ಸಂಸ್ಥೆ ಮತ್ತು ಕೆಲವು ಸೇವಾ ಸಂಸ್ಥೆಗಳು ಸೇರಿ, ಬಡಾವಣೆಯನ್ನು ಉದ್ಧಾರ ಮಾಡುವ ಯೋಜನೆ ತಯಾರಿಸಿಕೊಂಡು ಬಂದವು. ಆಡಳಿತ ಮಂಡಳಿಯಲ್ಲಿ ನಿವಾಸಿಗಳಿಗೆ ಇದ್ದದ್ದು ಬೆರಳೆಣಿಕೆಯ ಸ್ಥಾನ. ಸಾರ್ವಜನಿಕ ಸಭೆಯಲ್ಲಿ ಜನ ಎದ್ದು ನಿಂತು, ವೇದಿಕೆಯ ಮೇಲೆ ಕೂತವರಲ್ಲಿ ಈ ಬಡಾವಣೆಯಲ್ಲಿ ಮನೆ ಇರುವವರು ಎಷ್ಟು ಜನ ಎಂದು ಕೇಳಿದರು. ಉತ್ತರ ಕೊಡುವುದು ಕಷ್ಟವಾಯಿತು. ದತ್ತಿ ಸಂಸ್ಥೆಯವರ ದೊಡ್ಡತನ ಎಂದರೆ ಅವರು ಮುನಿಸಿಕೊಂಡು ಎದ್ದು ಹೋಗಲಿಲ್ಲ. ಯೋಜನೆಯನ್ನು ಬದಿಗಿಟ್ಟು ನಿವಾಸಿಗಳದ್ದೇ ಬಹುಮತ ಇರುವ ಮಂಡಳಿ ಮಾಡಲು ಒಪ್ಪಿದರು. ನಾಲ್ಕೂ ಸಮುದಾಯಗಳಿಗೆ, ಜನಸಂಖ್ಯೆ ಎಷ್ಟೇ ಇರಲಿ, ಸಮ ಸಂಖ್ಯೆಯ ಸ್ಥಾನ ಕೊಟ್ಟರು. ದೊಡ್ಡ ಜಾತಿಯವರು ಹೆಚ್ಚಿದ್ದಾರೆ, ಅವರೇ ಅಧ್ಯಕ್ಷರಾಗಲಿ ಎನ್ನುವ ನಮ್ಮ ಸಂಘಗಳು ಇದನ್ನು ಒಮ್ಮೆ ಯೋಚಿಸಬೇಕು.

ಆ ಸಂಘ ದೊಡ್ಡ ಯೋಜನೆಯಿಂದ ಕೆಲಸ ಶುರು ಮಾಡಲಿಲ್ಲ. ಕಸದಿಂದ ಶುರು ಮಾಡಿತು. 1986ರಲ್ಲಿ ‘ನಮ್ಮ ಮೇಲೆ ಕಸ ಸುರಿಯಬೇಡಿ’ ಎಂಬ ಚಳವಳಿ ನಡೆಯಿತು. ಮನೆಮನೆಯವರು ಸಭೆಗೆ ಬಂದರು, ತಾವೇ ನಿಂತು ಸೈಟು ಗುಡಿಸಿದರು, ಆಗಿನ ಮೇಯರ್ ರೇ ಫ್ಲಿನ್ ಅವರನ್ನು ಹಿಡಿದು ಕೇಳಿದರು. ಕಾನೂನು ಮೀರಿ ನಡೆಯುತ್ತಿದ್ದ ಕಸ ಸಾಗಣೆ ಅಡ್ಡೆಗಳು ಮುಚ್ಚಿದವು. ರಸ್ತೆಯಲ್ಲಿ ಕೊಳೆಯುತ್ತಿದ್ದ ಕಾರುಗಳು ಹೋದವು. ಇದು ಸಣ್ಣ ಗೆಲುವು. ಆದರೆ ನಾವು ಕೇಳಿದರೆ ಆಗುತ್ತದೆ ಎಂಬ ನಂಬಿಕೆ ಜನಕ್ಕೆ ಬಂದದ್ದು ಇಲ್ಲಿ.

1988ರಲ್ಲಿ ಇನ್ನೂ ದೊಡ್ಡದು ನಡೆಯಿತು. ಬಡಾವಣೆಯ ನಡುವಿನ ಭಾಗದಲ್ಲಿ ಖಾಸಗಿಯವರು ಪಾಳು ಬಿಟ್ಟ ಸೈಟುಗಳನ್ನು ಸಾರ್ವಜನಿಕ ಉದ್ದೇಶಕ್ಕೆ ಸ್ವಾಧೀನ ಮಾಡಿಕೊಳ್ಳುವ ಅಧಿಕಾರವನ್ನು ಬಾಸ್ಟನ್ ನಗರದ ಅಭಿವೃದ್ಧಿ ಪ್ರಾಧಿಕಾರ ಈ ನಿವಾಸಿಗಳ ಸಂಘಕ್ಕೆ ಕೊಟ್ಟಿತು. ಭೂಸ್ವಾಧೀನ ಎಂದರೆ ನಮಗೆ ಗೊತ್ತಿರುವುದು ನಮ್ಮ ಜಮೀನು ಹೋಗುವುದು. ಅಲ್ಲಿ ಅದೇ ಅಧಿಕಾರ ಜನರ ಕೈಗೆ ಬಂತು. ಅಮೆರಿಕದಲ್ಲಿ ಒಂದು ನಿವಾಸಿಗಳ ಸಂಘಕ್ಕೆ ಹಾಗೆ ಸಿಕ್ಕಿದ್ದು ಅದೇ ಮೊದಲು. ಆ ಜಾಗವನ್ನು ಅವರು ಮಾರಿಕೊಳ್ಳಲಿಲ್ಲ. ಭೂಮಿ ಒಂದು ಟ್ರಸ್ಟಿನ ಹೆಸರಿನಲ್ಲಿ, ಅದರ ಮೇಲಿನ ಮನೆ ಜನರ ಹೆಸರಿನಲ್ಲಿ. ಇನ್ನೂರಕ್ಕೂ ಹೆಚ್ಚು ಮನೆಗಳಾದವು, ಜೊತೆಗೆ ತೋಟ, ಆಟದ ಜಾಗ, ಜನ ಸೇರುವ ಬಯಲು.

ಅಲ್ಲಿ ಈಗ ಅಪರಾಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬಡತನ ಪೂರ್ತಿ ಹೋಗಿಲ್ಲ. ಆದರೆ ಕಸದ ಗುಂಡಿ ಇದ್ದ ಕಡೆ ಮನೆಯ ಬಾಗಿಲು ಬಂತು. ಬಾಗಿಲು ಬಂದರೆ ಬಾಗಿಲಲ್ಲಿ ನಿಲ್ಲುವ ಮನುಷ್ಯ ಬರುತ್ತಾನೆ. ಒಂಟಿಯಾಗಿ ಹೋಗುವ ಹುಡುಗಿಗೆ ಬೇಕಾದದ್ದು ಅದೇ.

ಲೆಕ್ಕವೂ ಇದನ್ನೇ ಹೇಳುತ್ತದೆ

ಇದು ಬರೀ ಭಾವನೆಯ ಮಾತಲ್ಲ. ಅಮೆರಿಕದ ಇನ್ನೊಂದು ನಗರ ಫಿಲಡೆಲ್ಫಿಯಾದಲ್ಲಿ ಸಂಶೋಧಕರು 541 ಪಾಳು ಸೈಟುಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿಕೊಂಡು ಗುಂಪು ಮಾಡಿದರು. ಕೆಲವನ್ನು ಹಾಗೇ ಬಿಟ್ಟರು. ಕೆಲವನ್ನು ಸ್ವಚ್ಛ ಮಾಡಿ, ಹುಲ್ಲು ಹಾಕಿ, ನಾಲ್ಕು ಗಿಡ ನೆಟ್ಟು, ಮೊಣಕಾಲೆತ್ತರದ ಮರದ ಬೇಲಿ ಕಟ್ಟಿದರು. ಒಳಗೆ ಹೋಗಿ ಕೂರಲು ದಾರಿ ಬಿಟ್ಟರು. ಕಡುಬಡವರ ಬಡಾವಣೆಗಳಲ್ಲಿ ಇಂಥ ಸೈಟುಗಳ ಸುತ್ತಮುತ್ತ ಬಂದೂಕಿನ ಅಪರಾಧ ಶೇ. 29ರಷ್ಟು ಕಡಿಮೆಯಾಯಿತು ಎಂದು 2018ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುತ್ತದೆ. ಅಲ್ಲಿ ಕಟ್ಟಿದ್ದು ಪೊಲೀಸ್ ಠಾಣೆಯಲ್ಲ, ಹಾಕಿದ್ದು ಹುಲ್ಲು.

ನ್ಯೂಯಾರ್ಕಿನಲ್ಲಿ 2016ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳ ಹೊರಗೆ ದೊಡ್ಡ ದೀಪಗಳನ್ನು ಇಟ್ಟು ನೋಡಿದರು. ರಾತ್ರಿ ಹೊತ್ತು ಹೊರಗೆ ನಡೆಯುವ ಗಂಭೀರ ಅಪರಾಧಗಳು ಸುಮಾರು ಶೇ. 36ರಷ್ಟು ಇಳಿದವು.

ಇದೇ ನ್ಯೂಯಾರ್ಕಿನಲ್ಲಿದ್ದ ಜೇನ್ ಜೇಕಬ್ಸ್ ಎಂಬ ಬರಹಗಾರ್ತಿ 1961ರಷ್ಟು ಹಿಂದೆಯೇ ತಮ್ಮ ಪುಸ್ತಕದಲ್ಲಿ ಈ ವಿಷಯ ಬರೆದಿದ್ದರು. ಬೀದಿಯನ್ನು ಕಾಯುವುದು ಮುಖ್ಯವಾಗಿ ಪೊಲೀಸರಲ್ಲ, ಅಂಗಡಿಯವರು, ಕಿಟಕಿಯಲ್ಲಿ ನಿಂತವರು, ಓಡಾಡುವವರು, ಅವರ ಕಣ್ಣು ಎಂಬುದು ಅವರ ವಾದ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರ ಅರಳಿಕಟ್ಟೆ. ಕಟ್ಟೆಯ ಮೇಲೆ ಕೂತ ಅಜ್ಜಂದಿರು, ಜಗುಲಿಯಲ್ಲಿ ಕಾಳು ಆರಿಸುವ ಅಜ್ಜಿಯರು ಇಡೀ ಬೀದಿಯನ್ನು ನೋಡಿಕೊಳ್ಳುತ್ತಿದ್ದರು. ‘ಯಾರ ಮಗಳವ್ವಾ ನೀನು, ಇಷ್ಟೊತ್ತಿನಲ್ಲಿ ಎಲ್ಲಿಗೆ’ ಎಂದು ಕೇಳುವವರು ಇದ್ದರು. ಆ ಪ್ರಶ್ನೆ ಎಷ್ಟೋ ಸಲ ನಮಗೆ ಕಿರಿಕಿರಿ ಆಗಿದೆ, ಕೆಲವೊಮ್ಮೆ ಅದು ಹುಡುಗಿಯರನ್ನು ಕಟ್ಟಿಹಾಕುವ ಪ್ರಶ್ನೆಯೂ ಹೌದು. ಆದರೆ ಕೇಳುವವರು ಯಾರೂ ಇಲ್ಲದ ಬೀದಿ ಇನ್ನೂ ಕೆಟ್ಟದ್ದು ಎಂದು ಗೊತ್ತಾದದ್ದು ಬಸ್‌ಸ್ಟ್ಯಾಂಡ್ ಹಿಂದೆ ನಡೆದಾಗ.

ನಮ್ಮ ಓಣಿಯಲ್ಲಿ ಆಗಿದ್ದು

ಗೆಳತಿ ಹೋದ ಮೇಲೆ ನಮ್ಮ ಓಣಿಯಲ್ಲೂ ಒಂದು ಸಣ್ಣ ಕೆಲಸ ಆಯಿತು. ಅದನ್ನು ಶುರು ಮಾಡಿದ್ದು ನಮಗೆ ಊಟ ಹಾಕುತ್ತಿದ್ದ ಮೆಸ್ಸಿನ ಅಕ್ಕ. ‘ಹುಡುಗೀರು ಹೀಗೆ ಒಬ್ಬೊಬ್ಬರೇ ಊರಿಗೆ ಹೋದ್ರೆ ನನ್ನ ಮೆಸ್ಸೂ ಮುಚ್ಚತ್ತೆ, ನಿಮ್ಮ ರೂಮು ಬಾಡಿಗೇನೂ ನಿಲ್ಲತ್ತೆ’ ಎಂದು ಮನೆ ಮಾಲೀಕರಿಗೆ ನೇರವಾಗಿ ಹೇಳಿದರು. ಆ ಮಾತು ನಾಟಿತು. ಟೈಲರ್ ಅಣ್ಣ, ಆಟೋ ಸ್ಟ್ಯಾಂಡಿನವರು, ಜೆರಾಕ್ಸ್ ಅಂಗಡಿಯವರು, ನಾವು ಹುಡುಗಿಯರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡೆವು.

ಮೊದಲು ಲೈಟಿಗೆ ಓಡಾಡಿದೆವು. ಕಂಬ ವಿದ್ಯುತ್ ಕಂಪನಿಯದ್ದು, ಬಲ್ಬ್ ಪುರಸಭೆಯದ್ದು. ಇವರು ಅವರ ಕಡೆ ಕೈ ತೋರಿಸಿದರು, ಅವರು ಇವರ ಕಡೆ. ಬಾಯಿಮಾತಿನಲ್ಲಿ ಹೇಳಿ ಸಾಕಾಗಿ, ಎರಡೂ ಕಂಬದ ಮೇಲೆ ಬರೆದಿದ್ದ ನಂಬರ್ ಗುರುತು ಹಾಕಿಕೊಂಡು, ರಾತ್ರಿ ತೆಗೆದ ಫೋಟೋ ಅಂಟಿಸಿ, ಮೂವತ್ತು ಜನ ಸಹಿ ಮಾಡಿ ಅರ್ಜಿ ಕೊಟ್ಟೆವು. ಸ್ವೀಕೃತಿ ಸೀಲು ಹಾಕಿಸಿಕೊಂಡೆವು. ಮೂರನೇ ಸಲ ಹೋದಾಗ ಬಲ್ಬ್ ಬಂತು. ಸೈಟಿನ ಮಾಲೀಕರು ಬೇರೆ ಊರಿನಲ್ಲಿದ್ದರು. ಫೋನ್ ಮಾಡಿ ಕೇಳಿದಾಗ ‘ಕ್ಲೀನ್ ಮಾಡ್ಕೊಳ್ಳಿ, ಗುಡಿಸಲು ಮಾತ್ರ ಹಾಕಬೇಡಿ’ ಎಂದರು. ಎರಡು ಭಾನುವಾರ ಸೇರಿ ಗಿಡ ಕಿತ್ತೆವು. ಕಸ ಎತ್ತಲು ಪುರಸಭೆ ಟ್ರ್ಯಾಕ್ಟರ್ ಕಳಿಸಿತು. ಬಸ್‌ಸ್ಟ್ಯಾಂಡಿನ ಮುಂದೆ ಜಾಗ ಸಿಗದೆ ಒದ್ದಾಡುತ್ತಿದ್ದ ಬಜ್ಜಿ ಗಾಡಿಯವರನ್ನು ಕರೆದು, ಸಂಜೆ ಇಲ್ಲಿ ಹಾಕಿಕೊಳ್ಳಿ ಎಂದೆವು. ಗಾಡಿ ಬಂತು, ಗಾಡಿಯ ಲೈಟ್ ಬಂತು, ಬಜ್ಜಿ ತಿನ್ನುವವರು ಬಂದರು. ಕುಡಿಯುವವರ ಜೊತೆ ಯಾರೂ ಜಗಳ ಆಡಲಿಲ್ಲ. ಬೆಳಕು ಬಂದ ಮೇಲೆ ಅವರೇ ಜಾಗ ಬದಲಿಸಿದರು.

ಎಲ್ಲ ಸುಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಪಾರ್ಥೇನಿಯಂ ಮತ್ತೆ ಎದೆಮಟ್ಟ ಬೆಳೆಯಿತು. ಒಂದು ಬಲ್ಬ್ ಮತ್ತೆ ಕೆಟ್ಟಿತು, ಮತ್ತೆ ಓಡಾಡಬೇಕಾಯಿತು. ಇಂಥ ಕೆಲಸ ಒಂದು ಸಲ ಮಾಡಿ ಮುಗಿಸುವುದಲ್ಲ, ಹೊಲದ ಕಳೆ ಇದ್ದ ಹಾಗೆ. ಆದರೆ ನನ್ನ ಕೊನೆಯ ವರ್ಷದಲ್ಲಿ ಫೋನಿನಲ್ಲಿ ಸುಳ್ಳು ಮಾತಾಡದೆ ಆ ದಾರಿ ದಾಟಿದ್ದೇನೆ. ಗೆಳತಿಗೆ ಮಾತ್ರ ಅದು ಒಂದು ವರ್ಷ ತಡವಾಯಿತು.

ಒಗ್ಗಟ್ಟು ಅಡ್ಡದಾರಿ ಹಿಡಿದಾಗ

ಈಗ ಆ ಮೂರನೇ ಮಾತಿಗೆ ಬರುತ್ತೇನೆ. ನಮ್ಮ ಓಣಿಯ ಅದೇ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ಒಬ್ಬರು, ಹಿಂದಿನ ಬೀದಿಯಲ್ಲಿ ಬಾಡಿಗೆಗಿರುವ ಉತ್ತರದ ಕಡೆಯ ಕಟ್ಟಡ ಕೂಲಿಗಳನ್ನು ಖಾಲಿ ಮಾಡಿಸೋಣ, ಅವರಿಂದಲೇ ಇದೆಲ್ಲ ಎಂದು ಹಾಕಿದರು. ನಾಲ್ಕೈದು ಹೆಬ್ಬೆರಳು ಬಂದವು. ವೇಲ್ ಎಳೆದವರು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ. ಗೋಡೆಗೆ ಒರಗಿ ಕುಡಿಯುತ್ತಿದ್ದವರು ಕನ್ನಡವನ್ನೇ ಮಾತಾಡುತ್ತಿದ್ದರು. ಮೆಸ್ಸಿನ ಅಕ್ಕ ಧ್ವನಿ ಸಂದೇಶ ಹಾಕಿದರು: ‘ಆ ಹುಡುಗರು ನನ್ನ ಮೆಸ್ಸಲ್ಲೇ ಉಣ್ಣೋದು. ಸೈಟು ಗುಡಿಸೋಕೆ ಇಬ್ಬರು ಬಂದಿದ್ರು, ನೀವು ಬಂದಿರಲಿಲ್ಲ.’ ಅಲ್ಲಿಗೆ ಆ ಮಾತು ನಿಂತಿತು. ಎಲ್ಲ ಓಣಿಯಲ್ಲೂ ಅಂಥ ಅಕ್ಕ ಇರುವುದಿಲ್ಲ.

2018ರಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋ, ಆಡಿಯೋ ನಿಮ್ಮ ಫೋನಿಗೂ ಬಂದಿರುತ್ತದೆ. ಆ ಮೇ ತಿಂಗಳಲ್ಲಿ ಬೆಂಗಳೂರಿನ ಹಳೆಯ ಪೇಟೆ ಪ್ರದೇಶವಾದ ಚಾಮರಾಜಪೇಟೆ ಭಾಗದಲ್ಲಿ, ಕೆಲಸ ಹುಡುಕಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಎಂದು ಕೂಗಿ, ಹಗ್ಗದಲ್ಲಿ ಕಟ್ಟಿ, ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲೂಕಿನ ಮುರ್ಕಿಯಲ್ಲಿ, ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಅವರ ಕಡೆಯವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಅವರನ್ನು ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಹೇಳಿತು.

ಹೊಡೆದವರು ತಾವು ಕೊಲೆಗಾರರು ಎಂದುಕೊಂಡು ಹೊರಟಿರಲಿಲ್ಲ. ಊರಿನ ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ಅಂದುಕೊಂಡಿದ್ದರು. ನೆರೆಹೊರೆಯವರು ಒಗ್ಗೂಡುವುದು ಒಳ್ಳೆಯದು ಎಂದು ಬರೆಯುವವರು ಈ ಮಾತನ್ನೂ ಬರೆಯಲೇಬೇಕು. ಒಗ್ಗಟ್ಟು ಜಾಗದ ಮೇಲೆ ಕೆಲಸ ಮಾಡಿದರೆ ದೀಪ ಹತ್ತುತ್ತದೆ, ಅಪರಿಚಿತರ ಮೇಲೆ ಕೆಲಸ ಮಾಡಿದರೆ ಹೆಣ ಬೀಳುತ್ತದೆ.

ಇದರಲ್ಲಿ ಹಳ್ಳಿಯವರಾದ ನಮಗೆ ಇನ್ನೊಂದು ಪಾಠ ಇದೆ. ಪೇಟೆಯಲ್ಲಿ ಅಪರಿಚಿತರು ಎಂದರೆ ಯಾರು? ನಾವೇ. ಬೆಂಗಳೂರಿನ ಬಡಾವಣೆಯಲ್ಲಿ ರಾತ್ರಿ ಹತ್ತಕ್ಕೆ ಚೀಲ ಹೊತ್ತು ವಿಳಾಸ ಹುಡುಕುವ ನಮ್ಮ ತಮ್ಮ, ಆಸ್ಪತ್ರೆಯ ಹೊರಗೆ ಚಾಪೆ ಹಾಸಿ ಮಲಗುವ ನಮ್ಮ ಚಿಕ್ಕಪ್ಪ ಅಲ್ಲಿನವರ ಕಣ್ಣಿಗೆ ‘ಹೊರಗಿನವರು’. ಹೊರಗಿನವರನ್ನು ಓಡಿಸಿ ಎನ್ನುವ ಸುರಕ್ಷತೆ ಒಂದಲ್ಲ ಒಂದು ದಿನ ನಮ್ಮ ಮನೆಯವರ ಮೈಮೇಲೇ ಬರುತ್ತದೆ. ಪೇಟೆ ಅಲ್ಲಿ ಮನೆ ಇರುವವರಿಗೆ ಎಷ್ಟು ಸುರಕ್ಷಿತವೋ, ಬಸ್ ಇಳಿದು ಬಂದವರಿಗೂ ಅಷ್ಟೇ ಸುರಕ್ಷಿತ ಆಗಿರಬೇಕು. ಡಡ್ಲಿಯಲ್ಲಿ ಹಳಬರು, ಹೊಸಬರು, ಬೇರೆ ಭಾಷೆಯವರು ಎಲ್ಲರಿಗೂ ಸಮ ಸ್ಥಾನ ಕೊಟ್ಟದ್ದು ಬರೀ ಉದಾರತೆಯಿಂದಲ್ಲ. ಯಾರನ್ನಾದರೂ ಹೊರಗಿಟ್ಟರೆ ಕೆಲಸ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು.

ಹಳ್ಳಿಗೆ ಇರುವುದು, ಪೇಟೆಗೆ ಇಲ್ಲದ್ದು

ಒಂದು ವಿಚಿತ್ರ ಗಮನಿಸಿ. ನಮ್ಮ ಹಳ್ಳಿಗಳಲ್ಲಿ ಕಾನೂನಿನ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ನಡೆಯಲೇಬೇಕು. ಬಲ್ಬ್ ಇಲ್ಲ, ಚರಂಡಿ ಇಲ್ಲ ಎಂದು ಎದ್ದು ನಿಂತು ಕೇಳುವ ಹಕ್ಕು ಮತದಾರರಿಗೆಲ್ಲ ಇದೆ. ನಾವು ಹೋಗುವುದಿಲ್ಲ, ಕೋರಂ ಇಲ್ಲದೆ ಸಹಿ ಹಾಕಿಸಿಕೊಂಡು ಮುಗಿಸುತ್ತಾರೆ, ಅದು ಬೇರೆ ಮಾತು. ಆದರೆ ವೇದಿಕೆ ಇದೆ. ಪೇಟೆಯಲ್ಲಿ? ಸಂವಿಧಾನ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಗರಗಳಿಗೆ. ನಮ್ಮ ತಾಲೂಕು ಕೇಂದ್ರಗಳು ಆ ಲೆಕ್ಕಕ್ಕೇ ಬರುವುದಿಲ್ಲ. ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯವರು ಒಟ್ಟಿಗೆ ಕೂರಲು ಅವರಾಗಿಯೇ ಸಭೆ ಕರೆದುಕೊಳ್ಳಬೇಕು. ಸಣ್ಣ ಪಟ್ಟಣಗಳಲ್ಲೂ ವಾರ್ಡ್ ಮಟ್ಟದಲ್ಲಿ ವರ್ಷಕ್ಕೆ ಎರಡು ಸಲವಾದರೂ ಜನರ ಸಭೆ ನಡೆಯಬೇಕು ಎಂಬುದು ನನ್ನ ಒತ್ತಾಯ. ಅದರಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳು, ಗಾಡಿ ವ್ಯಾಪಾರಿಗಳು, ಕೂಲಿಗೆ ಬಂದವರು ಮಾತಾಡಲು ಅವಕಾಶ ಇರಬೇಕು. ಸ್ವಂತ ಮನೆ ಇದ್ದವರ ಸಂಘ ಮಾತ್ರ ಆದರೆ ಗೇಟು ಹಾಕುವುದೇ ಅದರ ಮೊದಲ ಕೆಲಸವಾಗುತ್ತದೆ.

ಪೊಲೀಸ್ ಕಡೆಯಿಂದ ಬಾಗಿಲು ತೆರೆದಿದೆ. ಪ್ರತಿ ಪ್ರದೇಶಕ್ಕೂ ಒಬ್ಬ ಬೀಟ್ ಪೊಲೀಸ್ ಇರುತ್ತಾರೆ. 2025ರ ಜುಲೈನಲ್ಲಿ ರಾಜ್ಯ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವನ್ನೂ ಶುರು ಮಾಡಿದೆ. ಅವರು ಮನೆಗೆ ಬಂದಾಗ ಎಲ್ಲ ಚೆನ್ನಾಗಿದೆ ಸಾರ್ ಎಂದು ಕಳಿಸಬೇಡಿ. ಯಾವ ಓಣಿ, ಯಾವ ಗಂಟೆ, ಯಾವ ಮೂಲೆ ಎಂದು ಹೇಳಿ. ನಿಮಗೆ ಅನುಮಾನ ಬಂದ ವ್ಯಕ್ತಿ ಕಂಡರೆ 112ಕ್ಕೆ ಕರೆ ಮಾಡಿ. ವಿಡಿಯೋ ಮಾಡಿ ಗುಂಪಿಗೆ ಹಾಕಬೇಡಿ, ಅಡ್ಡಗಟ್ಟಬೇಡಿ, ಕೈ ಎತ್ತಬೇಡಿ. ಅನುಮಾನ ನಿಜವೋ ಸುಳ್ಳೋ ಎಂದು ನೋಡುವುದು ಪೊಲೀಸರ ಕೆಲಸ.

ಹಾಗಾದರೆ ನಮ್ಮ ಕೆಲಸ ಯಾವುದು? ನಿಮ್ಮ ಮಗಳೋ ತಂಗಿಯೋ ಪೇಟೆಯಲ್ಲಿ ಓದುತ್ತಿದ್ದರೆ, ಒಂದು ಸಂಜೆ ಕೊನೆಯ ಬಸ್ಸಿಗೆ ಮೊದಲು ಅವಳ ಜೊತೆ ಬಸ್‌ಸ್ಟ್ಯಾಂಡಿನಿಂದ ರೂಮಿನವರೆಗೆ ನಡೆದು ನೋಡಿ. ಎಲ್ಲಿ ಅವಳ ನಡಿಗೆ ಜೋರಾಗುತ್ತದೆ ಎಂದು ಗಮನಿಸಿ. ಆ ಜಾಗದಲ್ಲಿ ನಿಲ್ಲಿ. ಕಂಬದ ನಂಬರ್ ಬರೆದುಕೊಳ್ಳಿ, ಕಸದ ಫೋಟೋ ತೆಗೆಯಿರಿ, ಹತ್ತಿರದ ಅಂಗಡಿಯವರ ಹೆಸರು ಕೇಳಿ, ಅವರ ನಂಬರ್ ಮಗಳಿಗೆ ಕೊಡಿಸಿ. ನಮ್ಮೂರಿನಿಂದ ಹತ್ತು ಮಕ್ಕಳು ಅಲ್ಲಿ ಓದುತ್ತಿದ್ದರೆ ಹತ್ತು ಮನೆಯವರು ಒಂದೇ ಅರ್ಜಿಗೆ ಸಹಿ ಹಾಕಿ. ಪುರಸಭೆಗೆ ನಾವು ಮತದಾರರಲ್ಲದಿರಬಹುದು, ಆದರೆ ಆ ಪೇಟೆಯ ಅಂಗಡಿ, ಮೆಸ್ಸು, ರೂಮು, ಆಟೋ ನಡೆಯುವುದು ನಮ್ಮ ದುಡ್ಡಿನಲ್ಲಿ. ನಮ್ಮ ಮಾತಿಗೂ ಅಲ್ಲಿ ತೂಕ ಇದೆ.

ಆ ಅಪ್ಪ ಅವತ್ತು ಸೋಮವಾರ ಟ್ರಂಕು ಕಟ್ಟಿಸಲು ಬಂದಿದ್ದರು. ಅವರ ಜೊತೆ ಇನ್ನೂ ಒಂಬತ್ತು ಅಪ್ಪಂದಿರು ಬಂದು, ಪುರಸಭೆಗೆ ಹೋಗಿ, ಆ ಎರಡು ಕಂಬದ ಬಲ್ಬ್ ಕೇಳಿದ್ದರೆ ಗೆಳತಿ ನಮ್ಮ ಜೊತೆಯೇ ಡಿಗ್ರಿ ಮುಗಿಸುತ್ತಿದ್ದಳು. ಅವಳಿಗೆ ಈಗ ಒಬ್ಬ ಮಗಳಿದ್ದಾಳೆ. ಇನ್ನು ಹತ್ತು ಹನ್ನೆರಡು ವರ್ಷಕ್ಕೆ ಅವಳೂ ಅದೇ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಾಳೆ. ಆ ಓಣಿಯಲ್ಲಿ ದೀಪ ಇರುತ್ತದೆಯೋ ಇಲ್ಲವೋ ಎಂಬುದು ಈಗಲೇ ನಾವು ಮಾಡುವ ಕೆಲಸದ ಮೇಲಿದೆ.